ಹಸಿರು ದೀಪದ ವಯರು

ಆಗ ನನಗೆ ಐವತ್ತೆಂಟು. ಅದಾಗಿ ಇಪ್ಪತ್ತು ವರ್ಷದ ಹತ್ತಿರ ಬಂತು. ನಾಗವೇಣಿ, ಆ ವಯರು ಕಿತ್ತು ತಿರುವಿ ಹಾಕಿದವಳು ನಾನು. ನೀನಲ್ಲ. ಹಾಕಿದ್ದೂ ನಾನೇ, ಹಾಕಲಿಲ್ಲ ಎಂದವಳೂ ನಾನೇ.

ಮರ್ಫಿ ಟೌನಿನ ನನ್ನ ಮನೆಯ ಮಹಡಿ ಕೋಣೆಗೆ ನೀನೂ ಸುಮಾಳೂ ಗದಗಿನಿಂದ ಬಾಡಿಗೆಗೆ ಬಂದಿರಿ. ಹಳೇ ಸಾಮಾನಿನ ಅಂಗಡಿಯಿಂದ ಆಳಿಗೊಂದು ರೌಟರ್ ತಂದು, ಎರಡಕ್ಕೂ ನಡುವೆ ಒಂದು ದಪ್ಪ ನೀಲಿ ವಯರು ಸಿಕ್ಕಿಸಿ ನೆಟ್‌ವರ್ಕಿನ ಕೆಲಸ ಕಲಿಯುತ್ತಿದ್ದಿರಿ. ಮಧ್ಯಾಹ್ನ ಕೆಳಗೆ ಮಲಗಿದರೆ ಮೇಲಿನಿಂದ ಹುಂ ಎನ್ನುವ ಸದ್ದು — ತಾರಸಿಯೇ ಉಸಿರಾಡುವ ಹಾಗೆ. ಆ ಸದ್ದಿನಲ್ಲಿ ನನಗೆ ಒಳ್ಳೆ ನಿದ್ದೆ ಬರುತ್ತಿತ್ತು. ಎರಡೂ ಕೂಡಿದಾಗ ಹತ್ತುವ ಹಸಿರು ದೀಪ ನಿದ್ದೆಯಲ್ಲೂ ಕಾಣುತ್ತಿತ್ತು, ನೀರೊಳಗೆ ಇಟ್ಟ ಹಾಗೆ. ಈಗಲೂ ಕಾಣುತ್ತದೆ.

ಒಮ್ಮೆ ಕೇಳಿದ್ದೆ: "ಏನ್ರಮ್ಮಾ, ಈ ಡಬ್ಬಗಳು ಮಾತಾಡ್ತಾವಾ?"

"ಮಾತಾಡ್ತಾವ್ರೀ ಅಮ್ಮಾ," ಅಂದೆ ನೀನು. "ಒಂದು ತಾಳ ಹಾಕ್ತೈತಿ, ಇನ್ನೊಂದು ಅದಕ್ಕ ಕುಣೀತೈತಿ."

"ಹಂಗಾದ್ರೆ ಗಂಡ ಹೆಂಡ್ತಿ ಅನ್ನು."

"ತಾಳ ಹೆಂಡ್ತೀದ್ ನೋಡ್ರಿ ಮತ್ತ!" ಎಂದು ಸುಮಾ ನಕ್ಕಳು.

ಆಮೇಲೆ ನೀನು ವಯರು ತೋರಿಸಿದೆ. ಎರಡು ತುದಿಯೂ ನೋಡಲು ಒಂದೇ, ಆದರೆ ಒಂದಲ್ಲ. ತಾಳದ ತುದಿ ಬೇರೆ. ಅದರ ಮೇಲೆ ಅಕ್ಷರ ಇದೆ. ದಯವಿಟ್ಟು ಮುಟ್ಟಬೇಡಿ ಎಂದೆ ನೀನು. ಆಯಿತು ಎಂದೆ ನಾನು.

ಆಯುಧಪೂಜೆಗೆ ಒಂದು ದಿನ ಇತ್ತು. ನನ್ನ ಗಂಡ ಕಾರ್ಖಾನೆಯಲ್ಲಿದ್ದಾಗ ಅವರ ಸ್ಪ್ಯಾನರ್‌ಗಳನ್ನೆಲ್ಲ ಹಿಂದಿನ ದಿನವೇ ಒರೆಸಿ ಇಡುತ್ತಿದ್ದೆ. ಧೂಳು ಹಿಡಿದ ಸಾಮಾನಿಗೆ ಕುಂಕುಮ ಇಟ್ಟರೆ ಅದೂ ಒಂದು ಪೂಜೆಯೇ? ಸುಮಾ ಇಂದಿರಾನಗರಕ್ಕೆ ಟ್ಯೂಷನ್ ಹೇಳಲು ಹೋಗಿದ್ದಳು. ನೀನು ಹಿಂದಿನ ನಲ್ಲಿಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ನಾನು ಬಟ್ಟೆಯ ಚೂರು ಹಿಡಿದು ಮೇಲೆ ಹತ್ತಿದೆ. ವಯರು ಬಿಚ್ಚಿ, ಡಬ್ಬಗಳನ್ನು ಮಗುವಿನ ಮುಖ ಒರೆಸುವ ಹಾಗೆ ಒರೆಸಿ, ಮತ್ತೆ ಸಿಕ್ಕಿಸಿದೆ. ಅಕ್ಷರವೇನೋ ಇತ್ತು — ನನಗೆ ಬರುವುದು ಕನ್ನಡದ ನಾಲ್ಕಕ್ಷರ.

ಮಾರನೆ ದಿನ ಸಂಜೆ ಮೂವರೂ ಪೂಜೆ ಮಾಡಿದೆವು. ಆರತಿ ತಟ್ಟೆ ನನ್ನ ಕೈಯಲ್ಲಿತ್ತು. ಪೂಜೆಯೆಂದು ಹಿಂದಿನ ದಿನದಿಂದ ಆರಿಸಿಟ್ಟಿದ್ದ ಸ್ವಿಚ್ಚನ್ನು ನೀನು ಹಾಕಿದೆ. ಹುಂ ಎಂದಿತು. ಹಸಿರು ದೀಪ ಬರಲಿಲ್ಲ. ನನಗೆ ಆಗಲೇ ಗೊತ್ತಾಯಿತು.

ಸುಮಾ ಬಗ್ಗಿ ನೋಡಿದಳು. ವಯರು ತಿರುವಿ ಹಾಕಿದಳು, ದೀಪ ಬಂತು. ಆದರೆ ಅವಳು ದೀಪ ನೋಡಲಿಲ್ಲ, ನಿನ್ನನ್ನು ನೋಡಿದಳು. ಒಂದೇ ಕೆಲಸಕ್ಕೆ ಇಬ್ಬರೂ ಅರ್ಜಿ ಹಾಕಿದ್ದಿರಿ. ಎರಡು ದಿನ ಬಿಟ್ಟು ಪರೀಕ್ಷೆ.

"ನಿನ್ನೆ ರೂಮಿನ್ಯಾಗ ನೀ ಒಬ್ಬಾಕೀನ ಇದ್ದಿ. ನಾ ತಲಿ ಕೆಡಿಸ್ಕೊಂಡು ಕುಂಡ್ರಲಿ ಅಂತ ಮಾಡೀಯಲ್ಲ?"

"ನಿನ್ನಾಣೆ ಸುಮಾ, ನಾ ಮುಟ್ಟೇ ಇಲ್ಲ." ನೀನು ನನ್ನ ಕಡೆ ತಿರುಗಿದೆ. "ಅಮ್ಮಾ, ನೀವರ ಹೇಳ್ರಿ. ಯಾರರ ಮ್ಯಾಲ ಹತ್ತಿದ್ರೇನ್ರಿ?"

"ಯಾರೂ ಹತ್ತಿಲ್ಲಮ್ಮ. ನಾನಂತೂ ಈ ಕಡೆ ತಲೆನೂ ಹಾಕ್ಲಿಲ್ಲ."

ಅಷ್ಟೇ. ಕರ್ಪೂರ ಇನ್ನೂ ಉರಿಯುತ್ತಿತ್ತು.

ಬೇಡವೆಂದರೂ ಮುಟ್ಟಿದಳು, ಓದು ಬಾರದ ಹೆಂಗಸು — ಎಂದುಕೊಳ್ಳುತ್ತೀರಿ ಎಂಬ ಅಂಜಿಕೆ. ಅಂಜಿಕೆ ಎಂದರೂ ಸುಳ್ಳೇ, ಜಂಬ. ನಿಮ್ಮಿಬ್ಬರ ಮುಂದೆ ಸಣ್ಣವಳಾಗಲು ಆಗಲಿಲ್ಲ. ನೀನು ಸಣ್ಣವಳಾದರೆ ಆಗು ಎಂದು ಬಿಟ್ಟೆ. ಆಮೇಲೆ ಸುಮಾಳಿಗಾದರೂ ಹೇಳಬಹುದಿತ್ತು. ಇನ್ನೂ ಎರಡು ವರ್ಷ ಅವಳು ಇಲ್ಲೇ ಇದ್ದಳು. ಬಾಯಿ ತೆರೆಯುತ್ತಿದ್ದೆ, ಸಾರು ಬೇಕಾ ಎಂದು ಕೇಳುತ್ತಿದ್ದೆ.

ಪೂಜೆಯ ಮಾರನೆ ಬೆಳಿಗ್ಗೆ ನೀನು ನಿನ್ನ ರೌಟರನ್ನು ಹಾಸಿಗೆ ಬಟ್ಟೆಯಲ್ಲಿ ಸುತ್ತಿಕೊಂಡು ಇಳಿದು ಬಂದೆ. ಪರೀಕ್ಷೆಗೆ ಕೂರುವುದಿಲ್ಲ, ಊರಿಗೆ ಹೋಗುತ್ತೇನೆ ಎಂದೆ. ನನ್ನ ಕಾಲಿಗೆ ಬಿದ್ದೆ. ಒಳ್ಳೇದಾಗಲಿ ಎಂದೆ ನಾನು. ಗಂಟನ್ನು ನಾನೇ ಎತ್ತಿ ಆಟೋದಲ್ಲಿಟ್ಟೆ. ಆಮೇಲೆ ಮೇಲೆ ಹೋಗಿ, ನಿನ್ನ ರೌಟರ್ ಇದ್ದ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ.