ಮದ್ದೂರಿನ ಮನೆಯ ಹೊಗೆ ಗಂಟೆ

ಒಲೆ ಹಚ್ಚಿರಲಿಲ್ಲ. ಊದುಬತ್ತಿಯೂ ಹಚ್ಚಿರಲಿಲ್ಲ. ಸಂಜೆ ದೀಪ ಹಾಕಿ, ಒಣಗಿದ ಬಟ್ಟೆ ಮಡಚುತ್ತ ಕೂತಿದ್ದೆ. ಅಡುಗೆಮನೆಯ ಛಾವಣಿ ಒಮ್ಮೆಲೇ ಕಿರುಚತೊಡಗಿತು. ಕಿವಿಗೆ ದಬ್ಬಳ ಚುಚ್ಚಿದಂಥ ಸದ್ದು. ಏನು ಮಾಡಬೇಕೆಂದು ತಿಳಿಯುವ ಮೊದಲೇ ಮೆಟ್ಟಿಲ ಮೇಲೆ ಯಾರೋ ಓಡಿಬಂದರು. ಮನೆಯ ಒಡತಿ ಸಾಕಮ್ಮ. ಕೆಳಗಿನ ಮನೆಯ ಮುಂದಿನ ಕೋಣೆಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು, ವಯಸ್ಸು ಅರವತ್ತು ದಾಟಿತ್ತು. ಕೈಯಲ್ಲಿ ತುಂಬಿದ ಬಕೆಟ್ಟು. ನನ್ನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದವರೇ ತಣ್ಣಗಿದ್ದ ಗ್ಯಾಸ್ ಒಲೆಯ ಮೇಲೆ ಅಷ್ಟೂ ನೀರು ಸುರಿದರು. ಪಕ್ಕದಲ್ಲಿ ತೆರೆದಿಟ್ಟ ಜೋಳದ ಹಿಟ್ಟಿನ ಡಬ್ಬಿಯೂ ತೊಯ್ದುಹೋಯಿತು. ಅವ್ವ ಊರಲ್ಲಿ ಬೀಸಿಸಿ ಕಟ್ಟಿಕೊಟ್ಟ ಹಿಟ್ಟು.

"ಎಲ್ಲವ್ವ ಬೆಂಕಿ?" ಅಂದರು.

"ಬೆಂಕಿ ಇಲ್ರೀ. ಒಲಿನ ಹಚ್ಚಿಲ್ರೀ," ಅಂದೆ.

ಅಷ್ಟರಲ್ಲಿ ಸದ್ದು ತಾನಾಗಿಯೇ ನಿಂತಿತು. ಅವರು ಛಾವಣಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಖಾಲಿ ಬಕೆಟ್ಟು ಹಿಡಿದು ಇಳಿದುಹೋದರು. ನಾನು ಒದ್ದೆ ನೆಲದ ಮೇಲೆ ಕೂತು ಅತ್ತೆ. ಮದ್ದೂರಿಗೆ ಬಂದು ಇನ್ನೂ ವಾರ ತುಂಬಿರಲಿಲ್ಲ.

ನನ್ನ ಊರು ವಿಜಯಪುರದಾಚೆ, ಸಿಂದಗಿ ಕಡೆಯದು. ನನ್ನ ಗಂಡ ಶಿವಾನಂದನಿಗೆ ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತು. ಶಾಲೆಯಲ್ಲಿ ಪಾಠ ಹೇಳುವುದನ್ನು ಬಿಟ್ಟು ನಾನೂ ಹೊರಟುಬಂದೆ. ಅದೇ ರಾಜ್ಯ, ಅದೇ ಭಾಷೆ, ಅದರಲ್ಲೇನು ಅಂದುಕೊಂಡಿದ್ದೆ. ನಮ್ಮ ಎರೆಭೂಮಿಯಲ್ಲಿ ನಿಂತರೆ ಕಣ್ಣು ಸೋಲುವವರೆಗೂ ನೋಡಬಹುದು. ಇಲ್ಲಿ ಮನೆಯ ಒಂದು ಮಗ್ಗುಲಿಗೆ ಗದ್ದೆ, ಅದರಾಚೆ ಕಬ್ಬು. ಕಬ್ಬು ಎದ್ದು ನಿಂತಿತೆಂದರೆ ಲೋಕ ಅಲ್ಲಿಗೇ ಮುಗಿಯಿತು. ನಾವು ಒಂದು ಕೊಡ ನೀರಿಗೆ ಕಾಯುತ್ತ ಬೆಳೆದವರು. ಇಲ್ಲಿ ನಾಲೆಯ ನೀರು ಹಗಲೂ ಇರುಳೂ ಹರಿಯುತ್ತದೆ, ಗೋಡೆಯೆಲ್ಲ ತಂಪು, ಉಪ್ಪು ಡಬ್ಬಿಯಲ್ಲೇ ನೀರೊಡೆಯುತ್ತದೆ.

ಊಟದ ಮಾತು ಬೇರೆ. ರೊಟ್ಟಿ ತಟ್ಟುವ ಕೈಗೆ ಮುದ್ದೆ ತಿರುವುವುದು ಬರಲಿಲ್ಲ. ಮುದ್ದೆಯನ್ನು ಅಗಿಯಬಾರದು, ಉಪ್ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಸಾಕಮ್ಮನೇ ಹೇಳಿಕೊಟ್ಟರು. ಉಪ್ಸಾರು ಅಂದರೆ ಕಾಳು, ಸೊಪ್ಪು ಬೇಯಿಸಿದ ನೀರಿಗೆ ಉಪ್ಪು ಹಾಕಿದ್ದು. ಖಾರ ಬೇರೆ ಅರೆದು ಪಕ್ಕಕ್ಕೆ ಇಡುತ್ತಾರೆ. 'ಒಸಿ' ಅಂದರೆ ಸ್ವಲ್ಪ, 'ಬುಡು' ಅಂದರೆ ಬಿಡು. ಅವೆಲ್ಲ ಬೇಗ ತಿಳಿದವು. ಬಹಳ ದಿನ ನೋಯಿಸಿದ್ದು ಏಕವಚನ. ನಾವು ಚಿಕ್ಕವರಿಗೂ 'ರೀ' ಹಚ್ಚಿ ಮಾತಾಡುವವರು. ಇಲ್ಲಿ ಗುರುತಿಲ್ಲದವರೂ 'ಬಾ, ಕೂತ್ಕೊ, ಓಗು' ಅನ್ನುತ್ತಾರೆ. ಬೈದರೇನೋ ಎಂದು ಮನೆಗೆ ಬಂದು ಯೋಚಿಸುತ್ತಿದ್ದೆ.

ಇನ್ನು ಛಾವಣಿಯ ಆ ಯಂತ್ರ. ನಮ್ಮ ಕಡೆ ಮನೆಗಳಲ್ಲಿ ಇಂಥದನ್ನು ಯಾರೂ ಕಂಡಿರಲಿಕ್ಕಿಲ್ಲ. ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಡಬ್ಬಿ, ಹೊಗೆ ತಾಗಿದರೆ ಕೂಗುತ್ತದೆ. ಸ್ಮೋಕ್ ಡಿಟೆಕ್ಟರ್ ಎಂದು ಅದರ ಹೆಸರು. ಸಾಕಮ್ಮನ ಬಾಯಲ್ಲಿ 'ಬೆಲ್ಲು'. ದೊಡ್ಡ ಹೋಟೆಲುಗಳಲ್ಲಿ ಇರುವಂಥದನ್ನು ಅವರು ಮಂಡ್ಯದಿಂದ ಎಲೆಕ್ಟ್ರಿಷಿಯನ್ ಕರೆಸಿ ಕೆಳಗೂ ಮೇಲೂ ಕೋಣೆಗೊಂದರಂತೆ ಹಾಕಿಸಿದ್ದರು. ಯಾಕೆಂದು ಬೀದಿಯಲ್ಲಿ ಯಾರೂ ನನಗೆ ಹೇಳಲಿಲ್ಲ.

ಅದು ಮತ್ತೆ ಮತ್ತೆ ಕೂಗಿತು. ಪ್ರತಿ ಸಲವೂ ಸಾಕಮ್ಮ ಗಿರಾಕಿಯನ್ನು ಬಿಟ್ಟು ಮೆಟ್ಟಿಲು ಹತ್ತಿ ಓಡಿಬರುತ್ತಿದ್ದರು. ಮೊದಲು ನನ್ನ ರೊಟ್ಟಿಯ ಮೇಲೆ ಅನುಮಾನ ಬಂತು. ಹಂಚಿನ ಮೇಲೆ ಹಿಟ್ಟು ಸೀಯುತ್ತದಲ್ಲ, ಅದೇ ಇರಬೇಕು ಎಂದು ರೊಟ್ಟಿ ಮಾಡುವುದನ್ನೇ ಬಿಟ್ಟೆ. ಆದರೂ ಕೂಗಿತು. ಬ್ಯಾಟರಿ ಬದಲಿಸಿದೆವು. ಬಚ್ಚಲಿನ ಹಬೆ ಇರಬಹುದೆಂದು ಬಾಗಿಲು ಮುಚ್ಚಿಯೇ ಇಟ್ಟೆವು. ಯಾರಾದರೂ ಕಬ್ಬಿನ ಒಣ ಎಲೆ, ರವದಿ ಸುಡುತ್ತಿದ್ದಾರೋ ಎಂದು ಕಿಟಕಿಯಲ್ಲಿ ನಿಂತು ನೋಡಿದೆ. ಗದ್ದೆಗೆ ಆಗತಾನೇ ನೀರು ಬಿಟ್ಟಿದ್ದರು, ಎಲ್ಲಿಯೂ ಹೊಗೆಯಿರಲಿಲ್ಲ. ಅದು ಸುಮ್ಮನೆ ಕೂಗುತ್ತದೆ, ಅದರ ಸ್ವಭಾವವೇ ಹಾಗೆ ಎಂದು ನಾನೂ ಶಿವಾನಂದನೂ ಮಾತಾಡಿಕೊಂಡೆವು. ಪಾಳಿ ಮುಗಿಸಿ ಬಂದು ಮಲಗಿದ್ದವನು ಒಂದು ದಿನ ಸಿಟ್ಟಿನಿಂದ ಎದ್ದು ಅದರ ಬ್ಯಾಟರಿ ಕಿತ್ತು ಕಪಾಟಿನಲ್ಲಿಟ್ಟ.

ಸಾಕಮ್ಮನಿಗೆ ಒಂದು ರೂಢಿಯಿತ್ತು. ಮೇಲೆ ಬಂದಾಗಲೆಲ್ಲ ಪೊರಕೆಯ ಹಿಡಿಯಿಂದ ಆ ಡಬ್ಬಿಯ ಗುಂಡಿ ಒತ್ತುತ್ತಿದ್ದರು. ಒತ್ತಿದರೆ ಸಣ್ಣಗೆ ಕೂಗಿ ತಾನು ಸರಿಯಿದ್ದೇನೆಂದು ತೋರಿಸುತ್ತಿತ್ತು. ಅಂದು ಒತ್ತಿದರು, ಸದ್ದಾಗಲಿಲ್ಲ. ಇನ್ನೊಮ್ಮೆ ಒತ್ತಿದರು. ಆಮೇಲೆ ಪೊರಕೆ ಕೆಳಗಿಟ್ಟು ಗೋಡೆಗೆ ಒರಗಿ ಕೂತುಬಿಟ್ಟರು. ಅದು ಸುಮ್ಮಸುಮ್ಮನೆ ಕೂಗುತ್ತದೆ, ಅದಕ್ಕೇ ತೆಗೆದೆವು ಎಂದು ನಾನು ತೊದಲಿದೆ.

"ನಮ್ ರೂಪನ್ನ ಮಳವಳ್ಳಿಗೆ ಕೊಟ್ಟಿದ್ದೆ," ಅಂದರು ಸಾಕಮ್ಮ, ನೆಲ ನೋಡುತ್ತ. "ಒಬ್ಳೇ ಮಗ್ಳು. ಅಡುಗೆಮನೇಲಿ ಬೆಂಕಿ ಬಿತ್ತು ಅಂತ ಸುದ್ದಿ ಬಂತು. ನಾನು ಓಗೋ ಒತ್ಗೆ ಎಲ್ಲಾ ಮುಗ್ದೋಗಿತ್ತು. ಎಂಗಾಯ್ತು ಅಂದ್ರೆ ಒಬ್ರೂ ಸರ್ಯಾಗಿ ಏಳ್ನಿಲ್ಲ. ಬೆಂಕಿ ಸುಮ್ಕೆ ಅತ್ಕಬುಡ್ತು ಅಂದ್ರು. ನೀನೂ ಅಂಗೇ ಅಂತೀಯಲ್ಲವ್ವ. ಸುಮ್ಸುಮ್ಕೆ ಯಾವ್ದೂ ಆಗಕಿಲ್ಲ."

ನಾನು ಕಪಾಟು ತೆಗೆದು ಬ್ಯಾಟರಿ ತಂದು ಹಾಕಿದೆ. ಗುಂಡಿಯನ್ನು ಅವರೇ ಒತ್ತಿ ನೋಡಿದರು.

ಆ ದಿನದಿಂದ ಅದು ಯಾಕೆ ಕೂಗುತ್ತದೆಂದು ಕಂಡುಹಿಡಿಯುವುದು ನನ್ನ ಕೆಲಸವಾಯಿತು. ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗಿ ಅದನ್ನು ಮಾರಿದ ಅಂಗಡಿಯಲ್ಲಿ ಕೇಳಿದೆ. ಹೊಸದು ತಗೊಳ್ಳಿ ಅಂದರು, ಕಾರಣ ಹೇಳಲಿಲ್ಲ. ಮನೆಗೆ ಬಂದು ಸುಮ್ಮನೆ ಗಮನಿಸಿದೆ. ಕೂಗುವುದೆಲ್ಲ ಸಂಜೆಯೇ, ದೀಪ ಹಾಕಿದ ಮೇಲೆಯೇ. ಗದ್ದೆಗೆ ನೀರು ಬಿಟ್ಟ ಮೇಲಂತೂ ಜಾಸ್ತಿ. ಟ್ಯೂಬ್‌ಲೈಟು ಇದ್ದದ್ದು ಆ ಡಬ್ಬಿಯ ಮಗ್ಗುಲಿಗೇ. ಗದ್ದೆಯಿಂದ ಬರುವ ಎಳ್ಳಿಗಿಂತ ಸಣ್ಣ ಹುಳಗಳು ಬೆಳಕಿನ ಸುತ್ತ ಮುತ್ತಿಕೊಳ್ಳುವುದನ್ನು ದಿನವೂ ನೋಡುತ್ತಿದ್ದೆ, ಒಂದಕ್ಕೊಂದು ಹೊಂದಿಸಿ ನೋಡಿರಲಿಲ್ಲ.

ಕುರ್ಚಿ ಹಾಕಿ ಹತ್ತಿ ಡಬ್ಬಿಯನ್ನು ತಿರುಗಿಸಿದೆ, ಬಿಚ್ಚಿಕೊಂಡು ಕೈಗೆ ಬಂತು. ಹೊಗೆ ಒಳಹೋಗುವ ಸಣ್ಣ ಜಾಲರಿಯ ಸಂದಿನಲ್ಲೆಲ್ಲ ಹುಳ. ಬಿಳಿ ಹಾಳೆ ಹಾಸಿ, ಹೊಲಿಗೆ ಯಂತ್ರದ ಮೆತ್ತನೆಯ ಬ್ರಷ್ಷಿನಿಂದ ಮೆಲ್ಲಗೆ ಉದುರಿಸಿದೆ. ರೆಕ್ಕೆ, ಕಾಲು, ಧೂಳು, ಜೇಡನ ಒಂದು ಎಳೆ. ಒಳಹೊಕ್ಕ ಹುಳವನ್ನೇ ಆ ಯಂತ್ರ ಹೊಗೆ ಎಂದು ತಿಳಿಯುತ್ತಿತ್ತು.

ಹಾಳೆಯನ್ನು ಹಾಗೇ ಕೆಳಗೆ ಒಯ್ದು ಅಂಗಡಿಯ ಹಲಗೆಯ ಮೇಲಿಟ್ಟೆ. ಇದರಿಂದಲೇ ಕೂಗುತ್ತಿತ್ತು ಎಂದು ವಿವರಿಸಿದೆ. ಸಾಕಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಒಂದು ಹುಳವನ್ನು ಬೆರಳ ತುದಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದರು. ಸಮಾಧಾನವಾಗುತ್ತದೆಂದು ನಾನು ಕಾದಿದ್ದೆ.

"ಇದ್ಕೂ ಒಂದು ಕಾರ್ಣ ಸಿಕ್ತು ನೋಡು," ಅಂದರು. ಗಿರಾಕಿ ಬಂದು ನಿಂತಿದ್ದ. ಅವನಿಗೆ ಉಪ್ಪಿನ ಪ್ಯಾಕೆಟ್ಟು ಕೊಟ್ಟು, ಚಿಲ್ಲರೆ ಎಣಿಸಿ ಕೊಟ್ಟು, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಅವರು ಬರುವ ತನಕ ಅಂಗಡಿಯಲ್ಲಿ ಕೂತಿದ್ದೆ. ಅಳುವುದು ಕೇಳಿಸುತ್ತಿತ್ತು.

ಶಿವಾನಂದ ಟ್ಯೂಬ್‌ಲೈಟನ್ನು ಎದುರು ಗೋಡೆಗೆ ಬದಲಿಸಿದ. ನಾನು ಆಗಾಗ ಡಬ್ಬಿ ಬಿಚ್ಚಿ ಬ್ರಷ್ಷಾಡಿಸುತ್ತೇನೆ. ಈಗ ಅದು ಕೂಗುವುದಿಲ್ಲ. ಸಾಕಮ್ಮ ಓಡಿಬರುವುದೂ ಇಲ್ಲ. ಆದರೆ ಸದ್ದಿಲ್ಲದ ಸಂಜೆಗಳನ್ನು ಅವರು ನಂಬುವುದಿಲ್ಲ. ಯಾವುದೋ ನೆಪ ಮಾಡಿಕೊಂಡು ಮೆಲ್ಲಗೆ ಮೆಟ್ಟಿಲು ಹತ್ತಿ ಬಂದು ಗುಂಡಿ ಒತ್ತಿ, ಒಸಿ ಹೊತ್ತು ಕೂತು ಹೋಗುತ್ತಾರೆ. ರೊಟ್ಟಿ ಮತ್ತೆ ಶುರು ಮಾಡಿದ ದಿನ ಒಂದನ್ನು ಮುರಿದು ತಿಂದು, ಇದನ್ನು ಎಂಗೆ ತಿಂತೀರವ್ವ ಅಂದು, ಇನ್ನೊಂದನ್ನು ಸೆರಗಿನಲ್ಲಿ ಇಟ್ಟುಕೊಂಡು ಇಳಿದರು. ಏಕವಚನ ಈಗ ನನಗೆ ಕೇಳಿಸುವುದೇ ಇಲ್ಲ. ಫೋನಿನಲ್ಲಿ ನನ್ನ ಅವ್ವ ಮಾತ್ರ, ನಿನ್ನ ನಾಲಗಿ ಹೊರಳೇತಿ, ಯಾರ ಮಗಳು ಮಾತಾಡಾಕತ್ತಾಳೋ ತಿಳಿವಲ್ದು, ಅನ್ನುತ್ತಾಳೆ.

ಈಗ ವಿಜಯಪುರದ ಹತ್ತಿರವೇ ಶಿವಾನಂದನಿಗೆ ಕೆಲಸ ಸಿಕ್ಕಿದೆ. ಇದನ್ನು ಬರೆಯುವಾಗ ಅರ್ಧ ಸಾಮಾನು ಕಟ್ಟಿ ಆಗಿದೆ. ಹೇಳಲೇಬೇಕಲ್ಲ ಎಂದು ನಿನ್ನೆ ಕೆಳಗೆ ಹೋದೆ. ಸಾಕಮ್ಮ ಅಂಗಡಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ಓಗವ್ವ," ಅಂದರು. "ಎಣ್ಮಕ್ಳು ತವ್ರಿಗೆ ಅತ್ರ ಇರ್ಬೇಕು. ಕೂಗುದ್ರೆ ಕೇಳಂಗಿರ್ಬೇಕು."

ಪಕ್ಕದಲ್ಲಿ ಕೂತು ನಾನೂ ಕಾಯಿ ಬಿಡಿಸತೊಡಗಿದೆ. ಊರಿಗೆ ಹೋಗುವ ಖುಷಿ ನನಗಿತ್ತು, ಸುಳ್ಳಲ್ಲ. ಆದರೆ ನಾನು ಹೋದ ಮೇಲೆ ಇವರು ಕೂಗಿದರೆ ಯಾರಿಗೆ ಕೇಳುತ್ತದೆಂದು ಬಾಯಿಬಿಟ್ಟು ಕೇಳಲು ನನ್ನಿಂದ ಆಗಲಿಲ್ಲ. ಮೊರ ತುಂಬುವವರೆಗೂ ಇಬ್ಬರೂ ಹಾಗೇ ಕೂತಿದ್ದೆವು.