ಕೀಲಿ ಬಿದ್ದ ಮನೆಗಳ ಪರವಾಗಿ

ಪಟ್ಟಣದ ಆಡಳಿತವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ರಸ್ತೆ, ಚರಂಡಿ, ಬೀದಿದೀಪಗಳನ್ನು ಕುರಿತು ಬರೆಯುತ್ತಾರೆ. ಅವು ಕಣ್ಣಿಗೆ ಕಾಣುವಂಥವು, ಉದ್ಘಾಟನೆಗೂ ಒದಗುವಂಥವು. ಒಂದು ಸವಲತ್ತು ಯಾರಿಗಾಗಿ ಬಂದಿದೆಯೋ ಅವರ ಕಿವಿಗೆ ಆ ಸುದ್ದಿ ಸಕಾಲದಲ್ಲಿ ಮುಟ್ಟಿಸುವುದು ಕೂಡ ಆಡಳಿತದ ಕೆಲಸವೇ, ಬಹುಶಃ ಮೊದಲ ಕೆಲಸ ಎಂದು ನಂಬಿದವರು ನಮ್ಮ ಗಡಿಜಿಲ್ಲೆಯಲ್ಲಿ ವಿರಳ. ಆ ವಿರಳರಲ್ಲಿ ಅಗ್ರಗಣ್ಯರಾಗಿ, ಮೂರು ದಶಕಗಳ ಕಾಲ ಬೀದರ್, ಔರಾದ್ ಮತ್ತು ಭಾಲ್ಕಿಗಳ ಓಣಿಗಳನ್ನು ಕಾಲ್ನಡಿಗೆಯಲ್ಲಿ ಅರಿತ ಸಮುದಾಯ ಸಂಘಟಕಿ ಶ್ರೀಮತಿ ಕೌಸಲ್ಯಾಬಾಯಿ ಗೋರಖನಾಥ ಮೇತ್ರೆಯವರು ಈಗ ನಿವೃತ್ತರಾಗಿದ್ದಾರೆ. ಅವರ ಕಿರಿಯ ಸಹೋದ್ಯೋಗಿಯಾಗಿ ಅವರ ಅಭಿನಂದನ ಸಂಪುಟಕ್ಕೆ ಈ ನಾಲ್ಕು ಮಾತು ಬರೆಯುವ ಭಾಗ್ಯ ನನಗೆ ದೊರೆತಿದೆ. ಆದರೆ ಬರೆಯಲು ಕುಳಿತವನಿಗೆ ಕುಳಿತಿರಲಾಗುತ್ತಿಲ್ಲ. ಹೋದ ವರ್ಷದ ಮಳೆಯೂ ಕೈಕೊಟ್ಟು, ಹೈದರಾಬಾದ್ ಮತ್ತು ಪುಣೆಯ ಬಸ್ಸುಗಳು ಮತ್ತೆ ಗಂಟುಮೂಟೆಗಳಿಂದ ತುಂಬಿ ಹೋಗುತ್ತಿರುವಾಗ, ಹಾರ ಹಾಕಿ ಚಪ್ಪಾಳೆ ತಟ್ಟುವ ಮಾತು ನಾಲಿಗೆಗೆ ಸಲೀಸಾಗಿ ಬರುವುದಿಲ್ಲ.

ಕೌಸಲ್ಯಾಬಾಯಿಯವರು ಬೀದರ್ ತಾಲ್ಲೂಕಿನ ಮನ್ನಳ್ಳಿಯವರು. ಎಪ್ಪತ್ತೆರಡರ ದುಷ್ಕಾಳದಲ್ಲಿ ಅವರಿನ್ನೂ ಸಾಲೆಗೆ ಹೋಗುವ ಹುಡುಗಿ. ಆ ವರ್ಷ ಸಮೀಪದಲ್ಲೇ ಬರಗಾಲದ ರಸ್ತೆ ಕಾಮಗಾರಿ ತೆರೆದಿತ್ತಂತೆ. ಆದರೆ ಆ ಸುದ್ದಿ ಅವರ ತಾಯಿ ಅನುಸೂಯಾಬಾಯಿಯವರಿಗೆ ಮುಟ್ಟುವಷ್ಟರಲ್ಲಿ ಕಲ್ಲೊಡೆಯುವ ಜಾಗಗಳೆಲ್ಲ ಭರ್ತಿಯಾಗಿದ್ದವು. ಮನೆ ಮಂದಿ ಹೈದರಾಬಾದಿನ ದಾರಿ ಹಿಡಿದರು. "ಕೆಲಸ ಇರಲಿಲ್ಲಂತ ನಮ್ಮವ್ವ ಎಂದೂ ಅನ್ನಲಿಲ್ಲ. ಖಬರ್ ತಡಾ ಆತು ಅಂತಿದ್ಳು" ಎಂದು ಅವರು ಒಮ್ಮೆ ನನಗೆ ಹೇಳಿದ್ದರು. ತಮ್ಮ ಬಾಲ್ಯದ ಬಗ್ಗೆ ಅವರಿಂದ ನಾನು ಕೇಳಿದ್ದು ಇಷ್ಟೇ. ಹೊರಡುವ ಮುನ್ನ ತಾಯಿ, ಮಗಳ ಓದು ನಿಲ್ಲಬಾರದೆಂದು ಆಕೆಯನ್ನು ಬೀದರಿನ ಬಂಧುಗಳಲ್ಲಿ ಬಿಟ್ಟರೆಂದು ಬೇರೆಯವರಿಂದ ತಿಳಿಯಿತು. ಅಲ್ಲಿಯೇ ಪದವಿ, ಅಲ್ಲಿಯೇ ನೌಕರಿಯ ಆರಂಭ.

ನಾನು ಅವರನ್ನು ಮೊದಲು ಕಂಡದ್ದು ಔರಾದಿನ ಪಟ್ಟಣ ಪಂಚಾಯಿತಿ ಕಚೇರಿಯಲ್ಲಿ, ಹೊಸದಾಗಿ ನೇಮಕಗೊಂಡ ಗುಮಾಸ್ತನಾಗಿ. ಅವರ ಮೇಜಿನ ಹಿಂದೆ ಕುರ್ಚಿಯೊಂದಿತ್ತು. ಅದರಲ್ಲಿ ಬಂದವರು ಕುಳಿತಿರುತ್ತಿದ್ದರು, ಕೌಸಲ್ಯಾಬಾಯಿಯವರು ನಿಂತಿರುತ್ತಿದ್ದರು. ಮೊದಲ ವಾರದಲ್ಲೇ ನಳದ ನೀರು ದಿನ ಬಿಟ್ಟು ದಿನ ಬರುವ ಬಗ್ಗೆ ಒಂದು ಪ್ರಕಟಣೆ ಬರೆಯಲು ನನಗೆ ಹೇಳಿದರು. 'ಸಾರ್ವಜನಿಕರ ಅವಗಾಹನೆಗೆ ತರಬಯಸುವುದೇನೆಂದರೆ' ಎಂದು ಆರಂಭಿಸಿ ಒಂದು ಪುಟ ತುಂಬಿಸಿ ಒಯ್ದೆ. ಅವರು ಅದನ್ನು ತಿದ್ದಲಿಲ್ಲ. ನನ್ನನ್ನು ಸಾರ್ವಜನಿಕ ನಳದ ಬಳಿಗೆ ಕರೆದೊಯ್ದು, ಸರದಿಯಲ್ಲಿದ್ದ ಗುರಮ್ಮ ಎಂಬ ಹೆಣ್ಣುಮಗಳಿಗೆ ಓದಿ ಹೇಳಲು ತಿಳಿಸಿದರು. ಆಕೆ ಕೊಡ ಕಂಕುಳಲ್ಲಿಟ್ಟುಕೊಂಡು ಕೊನೆಯವರೆಗೂ ಸಾವಧಾನವಾಗಿ ಕೇಳಿ, "ಛಲೋ ಓದಿದ್ರಿ. ನಾಳಿ ನೀರ ಬರ್ತಾವೋ ಇಲ್ಲೋ?" ಎಂದಳು. ಅಂದಿನಿಂದ ನಮ್ಮ ಕಚೇರಿಯ ಪ್ರಕಟಣೆಗಳ ಭಾಷೆ ಬದಲಾಯಿತು. ಧ್ವನಿವರ್ಧಕದ ಆಟೋ ಪೇಟೆಯಲ್ಲಿ ತಿರುಗುವುದನ್ನು ಬಿಟ್ಟು ಹೆಣ್ಣುಮಕ್ಕಳು ನೀರಿಗೆ ಕಾಯುವಲ್ಲಿ ನಿಲ್ಲತೊಡಗಿತು. ವೃದ್ಧಾಪ್ಯ ವೇತನ, ಹೊಲಿಗೆ ತರಬೇತಿ, ಮಕ್ಕಳ ಲಸಿಕೆ, ಎಲ್ಲವೂ ಕನ್ನಡ, ಮರಾಠಿ, ದಖನಿ ಉರ್ದು ಮೂರರಲ್ಲೂ ಕೇಳಿಬರತೊಡಗಿದವು. ಠಾಣಾ ಕುಶನೂರಿನಿಂದ ಸಂತೆಗೆ ಬಂದವರೂ ಆಟೋ ಕಂಡರೆ ನಿಂತು ಕೇಳಿಯೇ ಮುಂದೆ ಹೋಗುತ್ತಿದ್ದರು.

ಅದೇ ವರ್ಷ ನನ್ನ ತಾಯಿ ಬೀದರಿನ ಆಸ್ಪತ್ರೆಯಲ್ಲಿದ್ದಾಗ, ನನ್ನನ್ನು ಒಂದು ಮಾತೂ ಕೇಳದೆ ನನ್ನ ಪಾಲಿನ ಕೆಲಸವನ್ನೆಲ್ಲ ತಾವು ಮಾಡಿ, ಭಾನುವಾರಗಳಂದು ಆಸ್ಪತ್ರೆಗೆ ಬಂದು ತಾಯಿಯ ತಲೆ ಬಾಚಿ ಹೋಗುತ್ತಿದ್ದರು. ಧನ್ಯವಾದ ಹೇಳುವ ಹೊತ್ತಿಗೆ ಅವರು ಬಾಗಿಲು ದಾಟಿರುತ್ತಿದ್ದರು.

ಅವರ ಸೇವಾವಧಿಯ ಅತ್ಯಂತ ಕಠಿಣ ಪರೀಕ್ಷೆ ಎದುರಾದದ್ದು ಭಾಲ್ಕಿಯಲ್ಲಿ, ಎರಡು ಸಾವಿರದ ಹದಿನಾರರ ಬೇಸಿಗೆಯ ಮುಖಕ್ಕೆ. ಆಗ ನಾನೂ ಅಲ್ಲಿಗೆ ವರ್ಗವಾಗಿ ಬಂದಿದ್ದೆ. ಸತತ ಬರದಿಂದ ಕೊಳವೆಬಾವಿಗಳು ಗಾಳಿ ಉಗುಳುತ್ತಿದ್ದವು. ನಾವು 'ಹಳೆ ಗಿರಣಿ ಓಣಿ' ಎನ್ನುತ್ತಿದ್ದ ಬಡಾವಣೆಯಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಕೀಲಿ ಬಿದ್ದಿತ್ತು. ಜನ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋಗಿದ್ದರು. ಆ ಓಣಿಯವರು ವರ್ಷಗಳಿಂದ ಕಾಯುತ್ತಿದ್ದ ಮನೆಜಾಗದ ಹಕ್ಕುಪತ್ರದ ಸಮೀಕ್ಷೆ ಬಂದದ್ದು ಅದೇ ಸಮಯಕ್ಕೆ. ವಾಸವಿರುವವರಿಗೆ ಮಾತ್ರ ಹಕ್ಕುಪತ್ರ, ಖಾಲಿ ಮನೆಯನ್ನು ಲೆಕ್ಕದಿಂದ ಬಿಡತಕ್ಕದ್ದು ಎಂಬುದು ನಿಯಮ. ನಿಯಮ ಬರೆದವರು ಸುಭಿಕ್ಷದ ಊರನ್ನು ಕಣ್ಣಮುಂದೆ ಇಟ್ಟುಕೊಂಡಿರಬೇಕು.

ಮೊಬೈಲ್ ಇದ್ದವರಿಗೆಲ್ಲ ಸುದ್ದಿ ಹೋಯಿತು. ಕೆಲವರು ಬಂದರು, ಬಹಳಷ್ಟು ಮಂದಿ ಬರಲಿಲ್ಲ. ಕೌಸಲ್ಯಾಬಾಯಿಯವರು ರಜೆ ಹಾಕಿ, ನನ್ನನ್ನೂ ಹೊರಡಿಸಿಕೊಂಡು, ಜಹೀರಾಬಾದಿನ ಮಾರ್ಗವಾಗಿ ಹೈದರಾಬಾದಿನ ಅಂಚಿಗೆ ಹೋದರು. ಆಕಾಶಕ್ಕೆ ಏರುತ್ತಿದ್ದ ಕಟ್ಟಡಗಳ ಬುಡದಲ್ಲಿ, ಪತ್ರಾಸಿನ ತಗಡು ಹೊದಿಸಿದ ಗುಡಿಸಲುಗಳ ನಡುವೆ ನಮ್ಮೂರ ಹೆಸರುಗಳನ್ನು ಕೂಗುತ್ತ ನಡೆದೆವು. ಹಲವರು ಸಿಕ್ಕರು. ಹೊರಟುಬರುತ್ತೇವೆ ಎಂದವರು ಕೆಲವರು; ಬಿಟ್ಟರೆ ಮೇಸ್ತ್ರಿ ಬೇರೆಯವರನ್ನು ಇಟ್ಟುಕೊಳ್ಳುತ್ತಾನೆ ಎಂದು ತಲೆ ತಗ್ಗಿಸಿದವರು ಹೆಚ್ಚು. ನಮ್ಮ ಹಳೆ ಗಿರಣಿ ಓಣಿಯ ಹಾವಗೆಪ್ಪನವರ ಹೆಂಡತಿ ಸುಂದರಬಾಯಿ ತಲೆ ತಗ್ಗಿಸಲಿಲ್ಲ. ಸಿಮೆಂಟಿನ ಬುಟ್ಟಿ ಕೆಳಗಿಟ್ಟು ನೇರವಾಗಿ ಕೇಳಿದಳು:

"ನಾ ಬಂದು ಬಾಗಲದಾಗ ನಿಂದ್ರಬೇಕೇನ್ರಿ? ಇಲ್ಲಿ ಇವರಿಗಿ ರೊಟ್ಟಿ ಯಾರ ಹಾಕ್ತಾರ? ಅಲ್ಲಿ ಕುಡೀಲಿಕ್ಕ ನೀರಿಲ್ಲಂತನೇ ಬಂದೇವಿ. ಆ ಮನಿ ನಮ್ದು ಅಂತ ಊರಿಗಿ ಗೊತ್ತದ. ಊರಿಗೇ ಕೇಳ್ರಿ."

ಊರಲ್ಲಿ ಯಾರನ್ನು ಕೇಳಲಿ ಎಂದರು ಕೌಸಲ್ಯಾಬಾಯಿ. ಸುಂದರಬಾಯಿ, ಬಾಜೂ ಮನೆಯ ಕುಲಸುಮಬೀಗೆ ಎಲ್ಲ ಗೊತ್ತು, ಆದರೆ ಆಕೆ ಹೇಳುವುದಿಲ್ಲ, ನಳದ ಪಾಳಿಯ ಮೇಲೆ ಜಗಳವಾಗಿ ಮಾತು ಬಿಟ್ಟು ವರ್ಷಗಳಾದವು ಎಂದಳು. ಬುಟ್ಟಿ ಎತ್ತಿಕೊಂಡು ಹೊರಟೇಹೋದಳು.

ಹಿಂತಿರುಗುವ ಬಸ್ಸಿನಲ್ಲಿ ಕೌಸಲ್ಯಾಬಾಯಿಯವರಿಗೆ ಸೀಟಿದ್ದೂ ಅವರು ಕೂಡಲಿಲ್ಲ. ಕಂಬಿ ಹಿಡಿದು ನಿಂತು, 'ಊರಿಗೇ ಕೇಳ್ರಿ' ಎಂಬ ಮಾತನ್ನು ತಮ್ಮಷ್ಟಕ್ಕೆ ತಾವೇ ಎರಡು ಮೂರು ಬಾರಿ ಅಂದುಕೊಂಡರು. ಮರುದಿನ ಸಮೀಕ್ಷೆಯ ಅಧಿಕಾರಿಯ ಎದುರು ನಿಂತು, ಓಣಿಯ ಜನರೆಲ್ಲರ ಸಮಕ್ಷಮದಲ್ಲಿ, ಕೀಲಿ ಬಿದ್ದ ಮನೆಯ ಬಾಗಿಲಲ್ಲೇ ನಿಂತು ನೆರೆಹೊರೆಯವರು ಸಾಕ್ಷಿ ಹೇಳಿದರೆ ವಾಸವೆಂದು ಒಪ್ಪುವಿರಾ ಎಂದು ಕೇಳಿದರು. ಆತ ತರುಣ, ಸಜ್ಜನ, ಆದರೆ ಅಂಜುಬುರುಕ. ನಿಯಮದಲ್ಲಿ ಅದಿಲ್ಲವೆಂದರು. ಬೇಡವೆಂದೂ ಇಲ್ಲವಲ್ಲ ಎಂದರು ಇವರು. ಸಂಜೆಯವರೆಗೂ ನಿಂತೇ ಇದ್ದರು. ಕಡೆಗೆ ಆತ, ಒಂದೇ ದಿನ, ಒಂದೇ ಸಭೆ, ಯಾರೂ ಮಾತನಾಡದ ಮನೆಯನ್ನು ಖಾಲಿ ಎಂದೇ ಬರೆಯುವೆ ಎಂಬ ಕರಾರಿನ ಮೇಲೆ ಒಪ್ಪಿದರು.

ನಮ್ಮ ಆಟೋ ಚಾಲಕರಾದ ನಜಮೋದ್ದೀನರ ಕಂಠ ಆ ದಿನಗಳಲ್ಲಿ ಬಿದ್ದುಹೋಯಿತು. "ನಿಮ್ಮ ಬಾಜೂ ಮನಿಯವರು ಊರಾಗ ಇಲ್ಲ. ಅವರ ಬದಲಿಗಿ ನೀವು ಬಂದು ನಿಂದ್ರಬೇಕು" ಎಂಬಷ್ಟೇ ಪ್ರಕಟಣೆ. ಅಷ್ಟರಲ್ಲಿ, ಸಾಕ್ಷಿ ಹೇಳಿದವರ ಜಾಗಕ್ಕೇ ಸಂಚಕಾರ ಬರುತ್ತದೆ ಎಂಬ ಗಾಳಿಮಾತು ಎದ್ದಿತು. ಕೌಸಲ್ಯಾಬಾಯಿಯವರು ಮನೆಮನೆಗೆ ಹೋಗಿ ಅದನ್ನು ಅಲ್ಲಗಳೆದರು. ಕುಲಸುಮಬೀಯವರ ಮನೆಗೂ ಹೋದರು. ಸಭೆಯ ದಿನವನ್ನು ತಿಳಿಸಿ ಎದ್ದುಬಂದರು. ಆಕೆಯ ಮಗ ಬದ್ರೋದ್ದೀನನ ಮದುವೆ ಗೊತ್ತಾಗಿತ್ತು, ಹೊಸ ಸೊಸೆಗೆ ಕೋಣೆ ಇರಲಿಲ್ಲ. ಸುಂದರಬಾಯಿಯ ಮನೆ ಖಾಲಿ ಎಂದಾದರೆ ಗೋಡೆ ಹಂಚಿಕೊಂಡ ಆ ಜಾಗವನ್ನು ತಮಗೇ ಕೇಳಬಹುದೆಂದು ಆತ ಹೇಳಿಕೊಂಡು ತಿರುಗುತ್ತಿದ್ದ. ಇನ್ನೊಮ್ಮೆ ಹೋಗಿ ಒತ್ತಾಯಿಸಿ ಎಂದು ನಾನು ಚಡಪಡಿಸಿದೆ. "ನಾ ಒತ್ತಿ ಹೇಳಿಸಿದ್ರ ಅದು ನನ್ನ ಮಾತಾಗ್ತದ. ಆಕಿ ಮಾತ ಬೇಕಾಗ್ಯಾದ" ಎಂದರು. ಆದರೆ ಅಂದು ಅವರು ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಮೇಜಿಗೆ ತಿರುಗಾಡಿದ್ದನ್ನು ನಾನು ನೋಡಿದ್ದೇನೆ.

ಸಭೆಯ ದಿನ ಬೆಳಿಗ್ಗೆ ಬಿಸಿಲೇರುವ ಮುನ್ನ ಓಣಿ ತುಂಬಿತ್ತು. ಅಧಿಕಾರಿ ಒಂದೊಂದೇ ಬಾಗಿಲ ಮುಂದೆ ನಿಲ್ಲುವರು. ಕೌಸಲ್ಯಾಬಾಯಿ ಇದು ಯಾರ ಮನೆ ಎಂದು ಜನರನ್ನು ಕೇಳುವರು. ಮೊದಮೊದಲು ಮುದುಕರಷ್ಟೇ ಮಾತಾಡಿದರು. ಬರಬರುತ್ತ ಹೆಣ್ಣುಮಕ್ಕಳು ಮುಂದೆ ಬಂದರು. ಒಳಗೆ ಹುಟ್ಟಿದ ಮಕ್ಕಳನ್ನು, ಸತ್ತ ಹಿರಿಯರನ್ನು, ಬೇವಿನ ಗಿಡ ನೆಟ್ಟವರನ್ನು ನೆನೆಸಿ ಹೇಳಿದರು. ಸುಂದರಬಾಯಿಯ ಬಾಗಿಲ ಮುಂದೆ ಮಾತ್ರ ಎಲ್ಲರೂ ಸುಮ್ಮನಾದರು. ಪಕ್ಕದಲ್ಲೇ ಬದ್ರೋದ್ದೀನ ಕೈ ಕಟ್ಟಿ ನಿಂತಿದ್ದ. ಅವನನ್ನು ಎದುರು ಹಾಕಿಕೊಳ್ಳುವುದು ಯಾರಿಗೂ ಬೇಕಿರಲಿಲ್ಲ. ಅಧಿಕಾರಿ ಪೆನ್ನು ಎತ್ತಿದರು. ಕೌಸಲ್ಯಾಬಾಯಿ ಮತ್ತೊಮ್ಮೆ ಕೇಳಿದರು, ದನಿ ಏರಿಸದೆ.

ಆಗ ಟ್ಯಾಂಕರಿನ ಕಡೆಯಿಂದ ಕೊಡ ಹೊತ್ತು ಬರುತ್ತಿದ್ದ ಕುಲಸುಮಬೀಯವರು ಗುಂಪು ಸರಿಸಿ ಬಂದು, ಕೊಡವನ್ನು ಸುಂದರಬಾಯಿಯ ಹೊಸ್ತಿಲ ಮುಂದೆ ಇಳಿಸಿದರು.

"ಈ ಮನಿ ಸುಂದರಬಾಯಿದು" ಎಂದರು. "ಆಕಿಗಿ ನಂಗ ಮಾತಿಲ್ಲ, ಅದು ಬ್ಯಾರೆ. ಮನಿ ಆಕಿದೇ ಅದ."

ಎಷ್ಟು ವರ್ಷದಿಂದ ಇದ್ದಾರೆ ಎಂದು ಅಧಿಕಾರಿ ಕೇಳಿದರು.

"ನಾ ಲಗ್ನಾಗಿ ಬಂದಾಗಿಂದ ಆಕಿ ಸಂಗಟ ಜಗಳಾಡ್ಲಿಕತ್ತೀನಿ. ಅಷ್ಟು ವರ್ಷ ಬರ್ಕೋರಿ."

ಜನ ನಕ್ಕರು. ಬದ್ರೋದ್ದೀನ ತಾಯಿಯ ಹತ್ತಿರ ಬಂದು ಮೆಲ್ಲಗೆ ಏನೋ ಅಂದ. ಆಕೆ ಅವನತ್ತ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಆಕಿ ದುಡೀಲಿಕ್ಕ ಹೋಗ್ಯಾಳ, ಸತ್ತಿಲ್ಲ. ನಾಳಿ ನಾವು ಹೋಗೂ ಪಾಳಿ ಬಂದ್ರ ನಮ್ಮ ಬಾಗಲಕ್ಕ ಯಾರ ನಿಂದ್ರಬೇಕೋ?" ಮಗ ತಲೆ ಬಗ್ಗಿಸಿ, ಕೊಡ ಎತ್ತಿಕೊಂಡು ತಮ್ಮ ಮನೆಯೊಳಗೆ ಹೋದ. ಅಧಿಕಾರಿ ಬರೆದುಕೊಂಡರು. ಕೌಸಲ್ಯಾಬಾಯಿಯವರು ನಗಲಿಲ್ಲ; ಗೋಡೆಯ ಕಡೆ ಮುಖ ಮಾಡಿ ಸೆರಗು ಸರಿಪಡಿಸಿಕೊಳ್ಳುತ್ತ ಕೆಲಹೊತ್ತು ನಿಂತು, ಮುಂದಿನ ಬಾಗಿಲಿಗೆ ನಡೆದರು.

ಮಳೆಗಾಲದಲ್ಲಿ ಸುಂದರಬಾಯಿ ಬಂದು ಹಕ್ಕುಪತ್ರ ಪಡೆದಳು. ಸಂಗತಿ ತಿಳಿದು ಕುಲಸುಮಬೀಯವರ ಮನೆಗೆ ಹೋಗಿ ಮಗನ ಮದುವೆಯ ಚಹಾ ಕುಡಿದು ಬಂದಳಂತೆ. ನಳಕ್ಕೆ ನೀರು ಮರಳಿದ ವಾರವೇ ಇಬ್ಬರಿಗೂ ಮತ್ತೆ ಜಗಳವಾಯಿತೆಂದು ನಜಮೋದ್ದೀನರು ಬಂದು ಹೇಳಿದಾಗ, ಕೌಸಲ್ಯಾಬಾಯಿಯವರು ಆ ವರ್ಷ ಮೊದಲ ಬಾರಿಗೆ ಬಾಯಿ ತುಂಬ ನಕ್ಕರು.

ಅಭಿನಂದನ ಲೇಖನವನ್ನು ಇಲ್ಲಿಗೇ ಮುಗಿಸುವುದು ಚೆಂದ. ಆದರೆ ಹಾಗೆ ಮುಗಿಸಿದರೆ ಸ್ವತಃ ಅವರೇ ಒಪ್ಪುವುದಿಲ್ಲ. ಏಕೆಂದರೆ ಓಣಿಯ ಕೊನೆಯಲ್ಲಿ ಇನ್ನೊಂದು ಮನೆಯಿತ್ತು. ಔರಾದ್ ಕಡೆಯ ಚಿಂತಾಕಿಯಿಂದ ಬಂದು ಒಂದೆರಡು ವರ್ಷವಷ್ಟೇ ಆಗಿದ್ದ ಕೇಶರಬಾಯಿ ಎಂಬ ವಿಧವೆಯದು. ಆ ಬೇಸಿಗೆ ಆಕೆಯೂ ದುಡಿಯಲು ಪುಣೆಗೆ ಹೋಗಿದ್ದಳು. ಊರಲ್ಲಿದ್ದಾಗಲೂ ದಿನವೆಲ್ಲ ಕೂಲಿಗೆ ಹೋಗುತ್ತಿದ್ದ ಆಕೆಯ ಹೆಸರೂ ನೆರೆಯವರಿಗೆ ನೆಟ್ಟಗೆ ಗೊತ್ತಿರಲಿಲ್ಲ. ಕೌಸಲ್ಯಾಬಾಯಿ ತಾವೇ ಸಾಕ್ಷಿ ಹೇಳುತ್ತೇನೆಂದರು. ನೀವು ನೆರೆಯವರಲ್ಲ ಎಂದರು ಅಧಿಕಾರಿ. ಮೈಕಿನಲ್ಲಿ ಮತ್ತೆ ಮತ್ತೆ ಕೇಳಿದರು. ಯಾರೂ ಬರಲಿಲ್ಲ. ಆ ಮನೆ ಖಾಲಿ ಎಂದೇ ಆಯಿತು. ಕೇಶರಬಾಯಿ ಪುಣೆಯಿಂದ ಬಂದು ನಮ್ಮ ಕಚೇರಿಯಲ್ಲಿ ನಿಂತಾಗ ಅತ್ತು ಕೂಗಾಡಲಿಲ್ಲ. "ನನ್ನ ಹೆಸರ ಯಾರೂ ಹೇಳ್ಲಿಲ್ಲೇನ್ರಿ?" ಎಂದಷ್ಟೇ ಕೇಳಿದಳು. ಕೌಸಲ್ಯಾಬಾಯಿಯವರು ಆಕೆಯ ಕೈ ಹಿಡಿದು, "ನಾ ಹೇಳ್ದೆ, ನಡೀಲಿಲ್ಲ" ಎಂದರು.

ಅಲ್ಲಿಂದ ಮುಂದೆ, ಹೊಸ ಕುಟುಂಬ ಯಾವ ಓಣಿಗೆ ಬಂದರೂ ನೆರೆಯವರನ್ನು ಕೂಡಿಸಿ ಹೆಸರು ಹೇಳಿಸಿ ಪರಿಚಯ ಮಾಡಿಸುವ ಪರಿಪಾಠವನ್ನು ಅವರು ಆರಂಭಿಸಿದರು. ಚಹಾ ಇರುತ್ತಿತ್ತು, ಭಾಷಣ ಇರುತ್ತಿರಲಿಲ್ಲ. ಕಳೆದ ಬರದಲ್ಲಿ ಜನ ಮತ್ತೆ ಹೊರಟಾಗ, ಯಾವ ಮನೆಯವರು ಎಲ್ಲಿ ಹೋಗಿದ್ದಾರೆ, ಯಾವ ಮುದುಕಿ ಒಬ್ಬಳೇ ಉಳಿದಿದ್ದಾಳೆ ಎಂಬುದು ಅಕ್ಕಪಕ್ಕದವರಿಂದಲೇ ತಿಳಿಯುತ್ತಿತ್ತು. ಔಷಧ, ಪಡಿತರ, ಟ್ಯಾಂಕರು ಆ ಬಾಗಿಲುಗಳಿಗೆ ತಪ್ಪದೆ ಹೋದವು. ಆದರೆ ಕೇಶರಬಾಯಿಗೆ ಇಂದಿಗೂ ಸ್ವಂತ ಮನೆಯಿಲ್ಲ. ಬಾಡಿಗೆಯ ಕೋಣೆಯಲ್ಲಿದ್ದಾಳೆ. ಪ್ರತಿ ಹೊಸ ವಸತಿ ಯೋಜನೆ ಬಂದಾಗಲೂ ಕೌಸಲ್ಯಾಬಾಯಿಯವರು ಆಕೆಯನ್ನು ಕರೆದುಕೊಂಡು ಬೀದರಿಗೆ ಹೋಗಿದ್ದಾರೆ, ಏನಾದರೊಂದು ಅಡ್ಡಿಯಿಂದ ಹಿಂತಿರುಗಿದ್ದಾರೆ. ನಿವೃತ್ತಿಯ ದಿನ ನಾವು ಶಾಲು ಹೊದಿಸಿದಾಗ ಅವರು ಆಡಿದ್ದು ಆ ಒಂದೇ ವಿಷಯ.

ಈ ಸಂಪುಟ ಅವರ ಕೈಸೇರುವುದರೊಳಗೆ ಆ ಕೆಲಸ ಮುಗಿಸಬೇಕೆಂದು ನಾವು ಹಳೆಯ ಸಹೋದ್ಯೋಗಿಗಳು ಮಾತಾಡಿಕೊಂಡು ಓಡಾಡಿದೆವು. ಆಗಲಿಲ್ಲ. ಆದ್ದರಿಂದ ಈ ಗೌರವವನ್ನು ಅರ್ಧ ಗೌರವವೆಂದೇ ತಿಳಿದು ಸ್ವೀಕರಿಸಬೇಕಾಗಿ ಅವರಲ್ಲಿ ವಿನಂತಿ. ವಿಶ್ರಾಂತಿ ಸಿಗಲಿ ಎಂದು ಹಾರೈಸುವುದು ವಾಡಿಕೆ. ಅದು ಅವರಿಗೆ ಒಗ್ಗದು, ನಮಗೂ ಲಾಭದಾಯಕವಲ್ಲ. ಶ್ರೀಮತಿ ಕೌಸಲ್ಯಾಬಾಯಿಯವರು ನೂರು ವರ್ಷ ಬಾಳಲಿ. ಅವರ ಕಾಲಿಗೆ ಶಕ್ತಿ ಇರಲಿ, ದನಿ ಹೀಗೆಯೇ ಇರಲಿ. ಸೋಮವಾರ ಸೋಮವಾರ ಕೇಶರಬಾಯಿಯ ಕೈಹಿಡಿದು ನಮ್ಮ ಕಚೇರಿಗೆ ಬರಲಿ, ಕುರ್ಚಿಯಲ್ಲಿ ಆಕೆಯನ್ನು ಕೂಡಿಸಲಿ, ಮತ್ತು ಆ ಮನೆಯಾಗುವವರೆಗೆ ನಮ್ಮಲ್ಲಿ ಯಾರನ್ನೂ ನೆಮ್ಮದಿಯಿಂದ ಇರಗೊಡದಿರಲಿ.