ನಾನು ಸರಿ ಮಾಡಿದ ಪರದೆ

“ಎಲ್ಲಾ ನಮ್ಮ ಮಗಾನ ಸರಿ ಮಾಡ್ಯಾನ್ರಿ,” ಎಂದು ಮಾವನವರು ಬ್ಯಾಡಗಿಯಿಂದ ಬಂದಿದ್ದ ನಾದಿನಿಯ ಕಡೆಯ ಬೀಗರಿಗೆ ಟಿವಿ ತೋರಿಸುವಾಗ ನಾನು ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

ರಾಣೆಬೆನ್ನೂರಿನ ನಮ್ಮ ಮನೆಯ ಹಳೆಯ ಕಂಪ್ಯೂಟರನ್ನು ಟಿವಿಗೆ ಜೋಡಿಸಿದಾಗ ಸಿನಿಮಾದ ಚಿತ್ರ ತುಂಡುತುಂಡಾಗಿ ಬರುತ್ತಿತ್ತು. ವಿಂಡೋಸ್ ತೆಗೆದು, ಹಳೆಯ ಯಂತ್ರಕ್ಕೂ ಭಾರವಾಗದ ಲಿನಕ್ಸ್ ಹಾಕಿ, ಪರದೆಯ ಮೇಲೆ ಚಿತ್ರ ಸರಿಯಾಗಿ ಮೂಡಿಸುವ ಗ್ರಾಫಿಕ್ಸ್ ಡ್ರೈವರ್ ಎಂಬ ತಂತ್ರಾಂಶ ಹುಡುಕಿ ಕೂರಿಸಿದವಳು ನಾನು. ಮಾವನ ಪಕ್ಕದಲ್ಲೇ ಕುಳಿತಿದ್ದ ನನ್ನ ಗಂಡ, ಬೀಗರು ಹೊಗಳಿದಾಗ ಸಣ್ಣಗೆ ನಕ್ಕರು.

ಮುಂದಿನ ವಾರ ಏನೋ ಅಪ್‌ಡೇಟ್ ಆಗಿ ಪರದೆ ಪೂರಾ ಕಪ್ಪಾಯಿತು. ಗಂಡ ನೇರವಾಗಿ ಅಡುಗೆಮನೆಗೆ ಬಂದು ಕೇಳಿದರು: “ನೀ ಏನ್ ಮುಟ್ಟಿದಿ ಅದನ್ನ?”

ಹಳೆಯ ಡ್ರೈವರನ್ನೇ ಮತ್ತೆ ಹಾಕಿ ಸರಿಪಡಿಸಿದೆ. ಈಗ ಮನೆಮಂದಿಯೆಲ್ಲ ಕೂಡಿ ಸಿನಿಮಾ ನೋಡುತ್ತಾರೆ. ಅವರ ನಡುವೆ ಹೋಗಿ ಕೂರಲು ನನಗೆ ಮನಸ್ಸಾಗುವುದಿಲ್ಲ.